ಕರೆಂಟಿನ ಸಾಮು

ಮಂಗಳವಾರ ಸಂಜೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ನಮ್ಮ ಚಹಾದಂಗಡಿಯ ಬೆಂಚಿನ ಮೇಲೆ ಕೂರೋದಕ್ಕೇ ನನಗೆ ಎರಡು ನಿಮಿಷ ಹಿಡಿಯಿತು. ಮೊದಲು ಗೋಡೆ ಹಿಡಿದೆ. ಮೊಣಕಾಲು ಮಡಿಸೋಕೆ ನೋಡಿದೆ, ಅದು ಒಪ್ಪಲಿಲ್ಲ. ಕೊನೆಗೆ ಹತ್ತಿ ಮೂಟೆ ಇಳಿಸಿದ ಹಾಗೆ ಧೊಪ್ಪನೆ ಬಿದ್ದೆ. ಚಹಾ ಬಂತು. ತೋಳು ಮೇಲೇಳಲಿಲ್ಲ. ಲೋಟವನ್ನು ತೊಡೆ ಮೇಲಿಟ್ಟುಕೊಂಡು, ಬಾಯನ್ನೇ ಲೋಟದ ಹತ್ತಿರ ಒಯ್ದೆ.

"ಬೈಕಿನಿಂದ ಬಿದ್ದಿಯೇನಲೇ?" ಅಂದರು ಲೈನ್‌ಮನ್ ಕಾಕಾ.

"ಇಲ್ಲ ಕಾಕಾ, ಕಸರತ್ತು ಮಾಡಿದೆ."

"ಎಷ್ಟು ದಿನ?"

"20 ನಿಮಿಷ."

ಹೇಳದೆ ಬೇರೆ ದಾರಿ ಇರಲಿಲ್ಲ. ಭಾನುವಾರ ಹೈದರಾಬಾದಿನ ಅಕ್ಕನ ಮನೆಗೆ ಹೋಗಿದ್ದೆ. ಭಾವ ಒಂದು ಕರೆಂಟ್ ಜಿಮ್ಮಿಗೆ ಕರೆದುಕೊಂಡು ಹೋದರು. ಮೈಗೆ ಸಣ್ಣ ಕರೆಂಟ್ ಹಾಯಿಸಿ ಸ್ನಾಯು ಬಿಗಿಸೋ ಕಸರತ್ತು, ಇಎಂಎಸ್ ಅಂತಾರೆ ಅದಕ್ಕೆ. ಮೊದಲ ಸಲ ಪುಕ್ಕಟೆ ಅಂದರು. ಪುಕ್ಕಟೆ ಅಂದರೆ ನಾನು ಬಾವಿಗೂ ಇಳಿಯೋನು, ಅದು ನಿಮಗೆಲ್ಲ ಗೊತ್ತಿರೋದೇ.

ಅಲ್ಲಿ ಒಬ್ಬ ಹುಡುಗ ನನಗೆ ಬಿಗಿ ಜಾಕೆಟ್ ತೊಡಿಸಿ, ತೊಡೆಗೆ, ತೋಳಿಗೆ, ಕುಂಡಿಗೆ ಪಟ್ಟಿ ಕಟ್ಟಿದ. ಒಳಗೆಲ್ಲ ಅಂಗೈಯಗಲದ ಪ್ಯಾಡುಗಳು. ಕಟ್ಟೋ ಮುಂಚೆ ಇಸ್ತ್ರಿ ಅಂಗಡಿಯವನು ಅಂಗಿಗೆ ನೀರು ಹೊಡೆಯೋ ಹಾಗೆ ಅದಕ್ಕೆಲ್ಲ ಪುಸ್ ಪುಸ್ ಅಂತ ನೀರು ಹೊಡೆದ. ನೀರಿದ್ದರೆ ಚರ್ಮಕ್ಕೆ ಕರೆಂಟ್ ಚೆನ್ನಾಗಿ ಹಾಯುತ್ತಂತೆ.

ಕಾಕಾ ಮಿರ್ಚಿ ಕೆಳಗಿಟ್ಟರು. "ತೋಯಿಸಿ ಕರೆಂಟ್ ಕೊಟ್ಟರಾ? 30 ವರ್ಷ ನಾನು ಊರಿಗೆಲ್ಲ ಹೇಳಿದ್ದು ಒಂದೇ ಮಾತು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ್ರೋ ಅಂತ. ಕಂಬದ ಮೇಲೆ ನನಗೆ ಹೊಡೆದಿದ್ದು ಸಂಬಳದ ಜೊತೆ ಬಂತು. ನೀನು ಟಿಕೆಟ್ ತೆಗೆಸಿ ಹೋಗಿ ಹೊಡೆಸ್ಕೊಂಡು ಬಂದಿ. ಪಕ್ಕದ ಶಕ್ತಿನಗರದ ಕರೆಂಟ್ ಕಾರ್ಖಾನೆಯಲ್ಲಿ 1,720 ಮೆಗಾವ್ಯಾಟ್ ಇಟ್ಟುಕೊಂಡು ಹೈದರಾಬಾದಿಗೆ ಹೋಗೋದಾ?"

"ಆ ಕರೆಂಟೇ ಬೇರೆ, ಈ ಕರೆಂಟೇ ಬೇರೆ" ಅಂದರು ವಿಜ್ಞಾನದ ಮೇಷ್ಟ್ರು. ರಿಟೈರ್ ಆಗಿ ಬಹಳ ವರ್ಷ ಆಯಿತು, ಪಾಠ ಮಾತ್ರ ನಿಂತಿಲ್ಲ. "ಮೆದುಳು ಸ್ನಾಯುವಿಗೆ ಆರ್ಡರ್ ಕಳಿಸೋದೇ ನರದ ಸಣ್ಣ ವಿದ್ಯುತ್ತಿನಲ್ಲಿ. ಈ ಯಂತ್ರ ಮೆದುಳನ್ನು ಕೇಳದೆ, ತಾನೇ ಆ ಆರ್ಡರಿಗೆ ರುಜು ಹಾಕಿ ಕಳಿಸುತ್ತೆ. ಸ್ನಾಯು ಪಾಪ, ನಂಬಿಕೊಂಡು ಬಿಗಿಯುತ್ತೆ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಹೀಗೇ ಜಿಗಿಯೋದನ್ನು ಕಂಡು 1791ರಲ್ಲೇ ಬರೆದಿದ್ದ."

"ಅಂದರೆ ಇವನು ಕಪ್ಪೆ" ಅಂದ ಮೋಟಾರ್ ಖಾಸಿಂ. ಅಂಗಡಿಯವನೂ ನಕ್ಕ. ಅವನು ನನ್ನ ಮಾತಿಗೆ ಯಾವತ್ತೂ ನಕ್ಕವನಲ್ಲ.

ಕಪ್ಪೆಯ ಅನುಭವ ಹೇಳುತ್ತೇನೆ, ಕೇಳಿ. ಮೊದಲು ಹೊಟ್ಟೆ ಮೇಲೆ ಇರುವೆ ಸಾಲು ಹರಿದ ಹಾಗಾಯಿತು. ಹುಡುಗ ಗುಬುಟು ತಿರುಗಿಸಿದ. ಒಳಗಿಂದ ಯಾರೋ ಹೊಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿದರು. 4 ಸೆಕೆಂಡ್ ಹಿಡಿತ, 4 ಸೆಕೆಂಡ್ ಬಿಡುವು. ಹಿಡಿದಾಗ ಬಸ್ಕಿ ಹೊಡೆಯಬೇಕು. ಕೈಯಲ್ಲಿ ಭಾರ ಏನೂ ಇಲ್ಲ, ಆದರೂ ಗೋಣಿಚೀಲ ಹೊತ್ತು ಏಳುವಷ್ಟೇ ಕಷ್ಟ. ಪಕ್ಕದಲ್ಲಿ ನನ್ನ ಅತ್ತೆಯ ವಯಸ್ಸಿನ ಹೆಂಗಸು ಆರಾಮಾಗಿ ಬಸ್ಕಿ ಹೊಡೆಯುತ್ತಿದ್ದರು. ಅವರ ಕರೆಂಟಿನ ನಂಬರ್ ನನ್ನದಕ್ಕಿಂತ ಜಾಸ್ತಿ ಇತ್ತು. ನನ್ನ ಗಂಡಸುತನ ಎಲ್ಲಿ ಸುಮ್ನೆ ಕೂರುತ್ತೆ? "ಇನ್ನೂ ಏರಿಸಪ್ಪಾ" ಅಂದೆ. ಅವನೂ ಏರಿಸಿಬಿಟ್ಟ.

"ಎಷ್ಟು ಹರ್ಟ್ಜ್?" ಕೇಳಿದ ಖಾಸಿಂ. ಮೋಟಾರ್ ವೈಂಡಿಂಗ್ ಮಾಡೋನು, ಅದೇ ಅವನ ಚಿಂತೆ.

"85 ಅಂದ್ರು. ಸೆಕೆಂಡಿಗೆ 85 ಸಲ ಮಿಡಿಯುತ್ತಂತೆ."

"ಮನೆಯದು 50. ನಮ್ಮ ಅಂಗಡೀಲೇ ಮಾಡಬಹುದಲ್ವಾ? ಒದ್ದೆ ಬನಿಯನ್, ಎರಡು ವೈರ್..."

"ಏಯ್!" ಕಾಕಾ ಎದ್ದೇ ನಿಂತರು. "230 ವೋಲ್ಟ್ ಎದೆ ಮೇಲೆ ಹಾಯಿಸ್ತೀಯಾ? ಹೃದಯವೂ ಸ್ನಾಯುವೇ. ಅದಕ್ಕೂ ಆರ್ಡರ್ ಹೋದರೆ ಎತ್ತೋಕೆ ನಾಲ್ಕು ಜನ ಬೇಕಾಗ್ತಾರೆ."

ಖಾಸಿಂ ಒಗ್ಗಾಣಿ ತಟ್ಟೆಯೊಳಗೆ ಮುಖ ಹುದುಗಿಸಿದ. ಇಷ್ಟರಲ್ಲಿ ಮೇಷ್ಟ್ರಿಗೆ ಆಸೆ ಹುಟ್ಟಿತ್ತು. "ಮುಂದಿನ ಸಲ ನಾನೂ ಬರ್ತೀನಿ. ಮಂಡಿಗೆ ಒಳ್ಳೆಯದು ಇರಬಹುದು."

"ನಿಮ್ಮ ಎದೆಯಲ್ಲಿ ಆಗಲೇ ಒಂದು ಮಷಿನ್ ಇದೆ ಸರ್" ಅಂದ ಮೆಡಿಕಲ್ ಸ್ಟೋರ್ ಬಸು. "ಪೇಸ್‌ಮೇಕರ್ ಇದ್ದವರು, ಬಸುರಿಯರು, ಫಿಟ್ಸ್ ಬರೋರು ಆ ಕಡೆ ತಲೆ ಹಾಕಬಾರದು."

"ಅದೂ ಹೌದು" ಅಂದು ಮೇಷ್ಟ್ರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ಬಸು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ನಗು ಇರಲಿಲ್ಲ. "ಉಚ್ಚೆ ಯಾವ ಬಣ್ಣ?"

"ಏನ್ ಕೇಳ್ತೀಯೋ ಚಹಾ ಕುಡಿಯೋವಾಗ!"

"ಅದಕ್ಕೇ ಕೇಳ್ತಿದ್ದೀನಿ. ಈ ಬಣ್ಣ ಇದೆಯಾ?" ಅಂತ ಲೋಟ ಎತ್ತಿ ತೋರಿಸಿದ.

ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ಬಗ್ಗಿ ನೋಡಿದರು. ಆಮೇಲೆ ಯಾರೂ ಕುಡಿಯಲಿಲ್ಲ.

ಹೊಸಬರು ಮೊದಲ ದಿನವೇ ಅತಿ ಮಾಡಿದರೆ ಸ್ನಾಯುವಿನ ಎಳೆ ಒಡೆದು ಒಳಗಿನ ಸರಕು ರಕ್ತಕ್ಕೆ ಸೋರುತ್ತಂತೆ. ಅದನ್ನು ಸೋಸಿ ಸೋಸಿ ಕಿಡ್ನಿ ಸುಸ್ತಾಗುತ್ತೆ. ರಕ್ತ ಪರೀಕ್ಷೆಯಲ್ಲಿ ಸಿಕೆ ಅನ್ನೋ ಅಂಶ ಏರುತ್ತೆ, ಅದು ತುತ್ತತುದಿ ಮುಟ್ಟೋದು ಮೂರನೇ, ನಾಲ್ಕನೇ ದಿನ. ಉಚ್ಚೆ ಚಹಾ ಬಣ್ಣಕ್ಕೆ ತಿರುಗಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು. ಮೊದಲ ಸಲ ಕರೆಂಟ್ ಕಮ್ಮಿ ಇರಬೇಕು, ಹೊತ್ತೂ ಕಮ್ಮಿ, 12 ನಿಮಿಷ ಸಾಕು. ಮೊದಲ 8–10 ವಾರ ವಾರಕ್ಕೆ ಒಂದೇ ಸಲ. ಬರಿಹೊಟ್ಟೆಯಲ್ಲಿ ಹೋಗಬಾರದು. ಅರ್ಧ ಲೀಟರ್ ನೀರು ಕುಡಿದು ಹೋಗಬೇಕು.

ನಾನು ಬರಿಹೊಟ್ಟೆಯಲ್ಲಿ ಹೋಗಿದ್ದೆ. ಅಕ್ಕನ ಮನೆಯ ಬಿರಿಯಾನಿಗೆ ಜಾಗ ಇರಲಿ ಅಂತ.

"ಬಣ್ಣ ಸರಿಯಾಗೇ ಇದೆ" ಅಂದೆ. "ಹೊಟ್ಟೆ ಕರಗುತ್ತೆ ಅಲ್ವಾ, ಅದನ್ನ ಹೇಳು."

"ಊಟ, ಓಡಾಟ ಸರಿ ಮಾಡ್ಕೊಳ್ಳದೆ ಬರೀ ಈ ಯಂತ್ರದಿಂದ ಮೈಕಟ್ಟು ಬದಲಾಗಲ್ಲ. ಎದ್ದು ಓಡಾಡೋಕೆ ಆಗದ ಪೇಶೆಂಟುಗಳ ಸ್ನಾಯು ಸೊರಗದ ಹಾಗೆ ನೋಡ್ಕೊಳ್ಳೋಕೆ ಫಿಜಿಯೋಥೆರಪಿಯವರು ಎಷ್ಟೋ ವರ್ಷದಿಂದ ಇಂಥ ಕರೆಂಟ್ ಬಳಸ್ತಾರೆ. ಅದು ಕೆಲಸದ ವಸ್ತು. ನಿನ್ನ ಹಾಗೆ ಒಂದು ಪ್ಲೇಟ್ ಮಿರ್ಚಿ ತಿಂದು, 20 ನಿಮಿಷ ಕಪ್ಪೆ ಆದರೆ ಏನಾಗುತ್ತೆ?"

ಕಾಕಾ ಕೋಟೆ ಕಡೆ ಕೈ ತೋರಿಸಿದರು. "ಆ ಗೋಡೆಯ ಶಾಸನದ ಕಲ್ಲು ನೋಡಿದ್ದೀಯಲ್ಲ? 1294ರದು, 40 ಅಡಿ ಉದ್ದ. ಅದನ್ನ ಗಾಡಿ ಮೇಲೆ ಹೇರಿ ಎಳೆದು ತಂದ ಚಿತ್ರ ಅಲ್ಲೇ ಗೋಡೆ ಮೇಲೆ ಕೊರೆದಾರೆ. ಅವರಿಗೆಲ್ಲ ಯಾರಪ್ಪಾ ಪುಸ್ ಪುಸ್ ಅಂತ ನೀರು ಹೊಡೆದಿದ್ದು?"

ಇದಕ್ಕೆ ಉತ್ತರ ಇರಲಿಲ್ಲ. ಇದ್ದರೂ ಅಂಗಡಿಯವನು ಬಿಲ್ ಹೇಳಿಬಿಟ್ಟಿದ್ದ. ನಮ್ಮಲ್ಲಿ ಒಂದು ಪದ್ಧತಿ ಉಂಟು. ಊರಿಗೆ ಹೋಗಿ ಬಂದವನೇ ದುಡ್ಡು ಕೊಡಬೇಕು. ಪರ್ಸ್ ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತು. ಕೈ ಸೊಂಟದ ತನಕ ಹೋಯಿತು, ಹಿಂದಕ್ಕೆ ಹೊರಳಲಿಲ್ಲ. ಇನ್ನೊಂದು ಕೈ ಅಷ್ಟೂ ಹೋಗಲಿಲ್ಲ. ಒಳಗೊಳಗೇ ಖುಷಿಯಾಯಿತು.

"ಆಗ್ತಿಲ್ಲ ಕಣ್ರಪ್ಪಾ" ಅಂದೆ, ಮುಖ ಆದಷ್ಟು ಸಪ್ಪಗೆ ಮಾಡಿ.

ಖಾಸಿಂ ಮತ್ತು ಬಸು ಎರಡೂ ಕಂಕುಳಿಗೆ ಕೈ ಕೊಟ್ಟು ನನ್ನನ್ನು ಮೇಲೆತ್ತಿದರು. ಕಾಕಾ ಹಿಂದೆ ಬಂದು, ಕಂಬದ ಮೇಲೆ ಫ್ಯೂಸ್ ಕೀಳೋ ಹಾಗೆ ಪರ್ಸನ್ನು ಮೆಲ್ಲಗೆ ಎಳೆದರು. ಬಿಚ್ಚಿ, ಎಣಿಸಿ ನೋಡಿ, ಅಂಗಡಿಯವನಿಗೆ ಕೂಗಿದರು:

"ತಮ್ಮಾ, ಇನ್ನೂ ನಾಲ್ಕು ಪ್ಲೇಟ್ ಮಿರ್ಚಿ ಹಾಕು. ಬಿಸಿ ಇರಲಿ."