ಆಕ್ಸೆಸ್‌ನಿಂದ ಎಸ್‌ಕ್ಯೂಎಲ್ ಸರ್ವರ್ ಕನೆಕ್ಷನ್: ಫಾರ್ಮ್ ಮುಚ್ಚಿದ್ರೂ ಹೋಗಲ್ವಲ್ಲ, ಏನ್ಮಾಡೋದು?

ಗೋಡೌನ್_ಗಣಕ:
ನಮಸ್ಕಾರ ಎಲ್ರಿಗೂ. ನಮ್ಮ ಬಿಲ್ಲಿಂಗು ಸ್ಟಾಕು ಎಲ್ಲಾ ಆಕ್ಸೆಸ್ ಫಾರ್ಮ್‌ನಲ್ಲಿದೆ, ಡೇಟಾ ಮಾತ್ರ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ (ಅದರ ಫ್ರೀ ಆವೃತ್ತಿ) ಹಾಕಿದೀವಿ, ಟೇಬಲ್‌ಗಳು ಓಡಿಬಿಸಿ (ಆಕ್ಸೆಸ್‌ನ ಸರ್ವರ್‌ಗೆ ಜೋಡಿಸೋ ಡ್ರೈವರ್) ಲಿಂಕು. ಸರ್ವರ್‌ನಲ್ಲಿ ಎಸ್‌ಪಿ_ಹೂ2 (ಯಾರ್ಯಾರ ಕನೆಕ್ಷನ್ ಇದೆ ಅಂತ ತೋರಿಸೋ ಕಮಾಂಡ್) ಓಡಿಸಿದ್ರೆ ಒಬ್ಬೊಬ್ರಿಗೂ ಎರಡು ಮೂರು ಕನೆಕ್ಷನ್ ತೋರಿಸತ್ತೆ, ಫಾರ್ಮ್ ಮುಚ್ಚಿದ್ಮೇಲೂ ಸ್ಲೀಪಿಂಗ್ ಅಂತ ಹಾಗೇ ಇರತ್ತೆ. ಲ್ಯಾಪ್‌ಟಾಪ್‌ನವ್ರು ಊಟ ಮುಗಿಸಿ ಬಂದು ಮುಟ್ಟಿದ್ರೆ 'ಓಡಿಬಿಸಿ ಕಾಲ್ ಫೇಲ್ಡ್', ಎರರ್ 3146. ಇದರ ಮೇಲೆ ಯಾರಾದ್ರೂ ಐಟಂ ರೇಟು ಬದಲಾಯಿಸಿದ್ರೆ ಸೇವ್ ಆಗದೆ ನಿಂತ್ಬಿಡತ್ತೆ. ಎಕ್ಸ್‌ಪ್ರೆಸ್‌ಗೆ ಐದೇ ಜನ ಅಂತ ಯಾರೋ ಅಂದ್ರು, ನಿಜಾನಾ? ಪ್ರತಿ ಫಾರ್ಮ್‌ನ ಕ್ಲೋಸ್ ಇವೆಂಟ್‌ನಲ್ಲಿ ಕನೆಕ್ಷನ್ ಕಟ್ ಮಾಡೋ ಕೋಡ್ ಬರೀಬೇಕಾ?

ಹಳೇ_ವಿಬಿಎ:
ಬರೀಬೇಡಿ ಸರ್, ಬರೆದ್ರೂ ಲಿಂಕ್ಡ್ ಟೇಬಲ್‌ನ ಕನೆಕ್ಷನ್ ನಿಮ್ಮ ಕೈಗೆ ಸಿಗಲ್ಲ. ಅದನ್ನ ಆಕ್ಸೆಸ್ ಎಂಜಿನ್ನೇ ಇಟ್ಕೊಂಡಿರತ್ತೆ, ಮತ್ತೆ ಬೇಕಾದಾಗ ಅದನ್ನೇ ಬಳಸತ್ತೆ, ಸುಮ್ನಿದ್ರೆ ಬಿಡೋದು ಡಿಫಾಲ್ಟ್ 600 ಸೆಕೆಂಡ್ ಆದ್ಮೇಲೆ. ಸ್ಲೀಪಿಂಗ್ ಅಂದ್ರೆ ಕೆಲ್ಸ ಇಲ್ದೆ ಕೂತಿದೆ ಅಷ್ಟೆ, ಸರ್ವರ್‌ಗೆ ಭಾರ ಏನಿಲ್ಲ, ಮಿತಿ ಇರೋದು 32,767 ಕನೆಕ್ಷನ್. ಐದು ಜನದ ಕಥೆ ಎಂಎಸ್‌ಡಿಇ (ಎಕ್ಸ್‌ಪ್ರೆಸ್‌ಗಿಂತ ಮುಂಚಿನ ಫ್ರೀ ಆವೃತ್ತಿ) ಕಾಲದ್ದು, ಆಗ ಒಟ್ಟಿಗೆ ಜಾಸ್ತಿ ಕ್ವೆರಿ ಬಂದ್ರೆ ಬೇಕಂತ್ಲೇ ನಿಧಾನ ಮಾಡೋ ಗವರ್ನರ್ ಇತ್ತು, 2005ರ ಎಕ್ಸ್‌ಪ್ರೆಸ್‌ನಿಂದ ಅದನ್ನ ತೆಗೆದ್ರು. ಆದ್ರೂ ಇನ್ನೂ ಜನ ಹೇಳ್ಕೊಂಡು ಓಡಾಡ್ತಾರೆ.

ಕ್ವೆರಿ_ಕಾಕಾ:
ರೇಟು ಸೇವ್ ಆಗದೆ ಇರೋದು ಬೇರೇನೇ ರೋಗ. ಸಿಕ್ಕಾಕೊಂಡಾಗ ಎಸ್‌ಪಿ_ಹೂ2 ದಲ್ಲಿ ಬ್ಲಾಕ್‌ಬೈ ಕಾಲಂ ನೋಡ್ರಿ, ಅದರಾಗಿನ ನಂಬರ್ ಯಾರ್ದು ಅಂತ ಹಿಡೀರಿ. ಬಹಳ ಸಲ ಯಾರೋ ಪೂರ್ತಿ ಐಟಂ ಟೇಬಲ್‌ನ ಒಂದು ಕಾಂಬೋ ಬಾಕ್ಸ್‌ಗೆ (ಆರಿಸೋ ಡ್ರಾಪ್‌ಡೌನ್ ಪಟ್ಟಿ) ಕಟ್ಟಿರ್ತಾರ, ಆಕ್ಸೆಸ್ ಮೊದಲಿನ ಒಂದಿಷ್ಟು ಸಾಲು ಎಳ್ಕೊಂಡು ಉಳಿದದ್ದನ್ನ ಕೇಳದೇ ಸುಮ್ನಾಗ್ತದ, ಆ ಕಡೆ ಸರ್ವರ್ ಕಳಸಾಕ ಕಾಯ್ತಾ ಶೇರ್ಡ್ ಲಾಕ್ (ಓದೂಮುಂದ ಬ್ಯಾರೆಯವ್ರು ಬದಲಿಸಬಾರದಂತ ಹಾಕೂ ಬೀಗ) ಹಿಡ್ಕೊಂಡೇ ನಿಂತಿರ್ತದ, ವೇಟ್ ಟೈಪ್ (ಯಾತಕ್ಕ ಕಾಯ್ತದ ಅನ್ನೋದು) ನೋಡಿದ್ರ ಎಸಿಂಕ್ ನೆಟ್‌ವರ್ಕ್ ಐಓ ಅಂತಿರ್ತದ. ಫಾರ್ಮ್ ಲೋಡ್‌ನ್ಯಾಗ ಕಾಂಬೋದ ಲಿಸ್ಟ್‌ಕೌಂಟ್ (ಪಟ್ಟಿಯೊಳಗಿನ ಸಾಲುಗಳ ಎಣಿಕೆ) ಒಮ್ಮೆ ಓದ್ರಿ, ಎಲ್ಲಾ ಸಾಲು ಬಂದು ಲಾಕ್ ಬಿಡ್ತದ. ಇನ್ನೂ ಛಲೋ ಅಂದ್ರ ನಾಕು ಅಕ್ಷರ ಹೊಡೆದ ಮ್ಯಾಲೇ ಲಿಸ್ಟ್ ತುಂಬ್ರಿ, ಫಾರ್ಮ್‌ನೂ ಒಂದು ಬಿಲ್ ನಂಬರ್ ಹಿಡಿದೇ ತೆಗೀರಿ. ಡೇಟಾಬೇಸ್‌ನ್ಯಾಗ ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ (ಓದೋರಿಗೆ ಕೊನೇ ಸಲ ಸೇವ್ ಆದ ಪ್ರತಿ ತೋರಿಸೋ ಸೆಟ್ಟಿಂಗ್) ಆನ್ ಮಾಡಿದ್ರ ಓದೋರು ಬರೆಯೋರನ್ನ ತಡೆಯೂದೇ ಇಲ್ಲ.

ಹಳೇ_ವಿಬಿಎ:
ಕಾಕಾ ಹೇಳಿದ್ದು ಸರಿ. 3146ಗೆ ಬಂದ್ರೆ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದಾಗ ಇಲ್ಲಾ ವೈಫೈ ಹಾರಿದಾಗ ಇಟ್ಕೊಂಡ ಕನೆಕ್ಷನ್ ಸತ್ತಿರತ್ತೆ, ಆಕ್ಸೆಸ್‌ಗೆ ಮಾತ್ರ ಅದು ಗೊತ್ತಾಗಲ್ಲ, ಸತ್ತಿದ್ದನ್ನೇ ಹಿಡ್ಕೊಂಡು ಎಳೀತಿರತ್ತೆ. ರೀಲಿಂಕ್ (ಟೇಬಲ್ ಲಿಂಕ್ ಮತ್ತೆ ಜೋಡಿಸೋದು) ಮಾಡಿದ್ರೂ ಬಹಳ ಸಲ ಏಳಲ್ಲ, ಆಕ್ಸೆಸ್ ಪೂರ್ತಿ ಮುಚ್ಚಿ ತೆಗೀಬೇಕು. ಬಿಲ್ಲಿಂಗ್‌ನವ್ರಿಗೆ ಕೇಬಲ್ ಹಾಕ್ಸಿ, ಸ್ಲೀಪ್ ಆಫ್ ಮಾಡಿ, ನನ್ನ ಪ್ರಕಾರ ಕೋಡ್‌ಗಿಂತ ಇದೇ ಗ್ಯಾರಂಟಿ. ಮತ್ತೆ ಫ್ರಂಟ್ ಎಂಡ್ ಫೈಲ್ (ಫಾರ್ಮ್‌ಗಳಿರೋ ಆಕ್ಸೆಸ್ ಫೈಲ್) ಒಬ್ಬೊಬ್ರ ಮಷಿನ್‌ನಲ್ಲೂ ಬೇರೆ ಬೇರೆ ಇರ್ಲಿ, ಶೇರ್ ಫೋಲ್ಡರ್‌ನಿಂದ ಎಲ್ರೂ ಒಂದೇ ಫೈಲ್ ತೆಗಿಯೋದು ಬೇಡ. ಓಡಿಬಿಸಿ ಡ್ರೈವರ್ 18 ಹಾಕಿದ್ರೆ ಎನ್‌ಕ್ರಿಪ್ಷನ್ ಡಿಫಾಲ್ಟ್ ಆನ್ ಇರತ್ತೆ, ಸರ್ವರ್‌ನಲ್ಲಿ ಸರಿಯಾದ ಸರ್ಟಿಫಿಕೇಟ್ ಇಲ್ದಿದ್ರೆ ಕನೆಕ್ಟೇ ಆಗಲ್ಲ, ಅದನ್ನ ನೆಟ್‌ವರ್ಕ್ ಪ್ರಾಬ್ಲಂ ಅನ್ಕೊಂಡು ಒದ್ದಾಡ್ಬೇಡಿ.

ಗೋಡೌನ್_ಗಣಕ:
ಥ್ಯಾಂಕ್ಸ್ ಕಾಕಾ, ಐಟಂ ಕಾಂಬೋನೇ ಕಳ್ಳ, ಬ್ಲಾಕ್‌ಬೈನಲ್ಲಿ ಕೌಂಟರ್ ಮಷಿನ್ ನಂಬರೇ ಬಂತು. ಲಿಸ್ಟ್‌ಕೌಂಟ್ ಹಾಕಿದ್ಮೇಲೆ ರೇಟು ತಕ್ಷಣ ಸೇವ್ ಆಗ್ತಿದೆ. ಆದ್ರೆ ಆ ಸ್ನ್ಯಾಪ್‌ಶಾಟ್ ಕಮಾಂಡ್ ಕೊಟ್ರೆ ಸುತ್ತುತ್ತಾ ಇರತ್ತೆ, ಮುಗಿಯೋದೇ ಇಲ್ಲ?

ಕ್ವೆರಿ_ಕಾಕಾ:
ಉಳಿದವರ ಕನೆಕ್ಷನ್ ಇರೋತನ ಅದು ಕಾಯ್ತದ, ಆ ಸ್ಲೀಪಿಂಗ್ ಇರೂವು ಸುದ್ದಾ ಲೆಕ್ಕಕ್ಕ ಬರ್ತಾವ. ಅಂಗಡಿ ಬಂದ್ ಆದ ಮ್ಯಾಲೆ ಎಲ್ಲಾರ ಆಕ್ಸೆಸ್ ಮುಚ್ಚಿಸಿ ಓಡಸ್ರಿ. ಕಮಾಂಡ್ ಕೊನೀಗೆ ವಿತ್ ರೋಲ್‌ಬ್ಯಾಕ್ ಇಮಿಡಿಯೇಟ್ ಹಾಕಿದ್ರ ಎಲ್ಲಾರನೂ ಹೊರಗ ಹಾಕಿ ತಾನೇ ಮಾಡ್ಕೊಂತದ, ಆದ್ರ ಬಿಲ್ ಹೊಡೀತಿರೋ ಹೊತ್ತಿನ್ಯಾಗ ಮಾತ್ರ ಬ್ಯಾಡ್ರಿ.