ಬೋರ್ಡ್ ಬದಲಾದರೆ ಓದಲಾಗದ ಐ2ಸಿ ಸಂವೇದಕ: ಕಂಟ್ರೋಲರ್‌ನ ಮಿತಿಯನ್ನು ಯಾವ ಡ್ರೈವರ್ ನಿಭಾಯಿಸಬೇಕು?

ಪ್ರಶ್ನೆ: ಮೂರು ಅಕ್ಷಗಳ ಚಲನ ಸಂವೇದಕವೊಂದಕ್ಕೆ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬರೆದಿದ್ದೇನೆ. ಅದರ ಫೈಫೊದಲ್ಲಿ (ಮೊದಲು ಬಂದದ್ದು ಮೊದಲು ಹೊರಬರುವ ಬಫರ್) ಸೇರಿದ 192 ಬೈಟ್‌ಗಳನ್ನು, ಚಿಪ್‌ಗಳನ್ನು ಎರಡೇ ತಂತಿಗಳಲ್ಲಿ ಜೋಡಿಸುವ ಐ2ಸಿ ಬಸ್ ಮೂಲಕ ಒಂದೇ ಸಲಕ್ಕೆ ಓದುತ್ತೇನೆ. ಒಂದು ಬೋರ್ಡ್‌ನಲ್ಲಿ ಇದು ಸರಿಯಾಗಿ ನಡೆಯುತ್ತದೆ. ಇನ್ನೊಂದರಲ್ಲಿ -95 ಎಂಬ ದೋಷಸಂಖ್ಯೆ ಬರುತ್ತದೆ, ಲಾಗ್‌ನಲ್ಲಿ ‘ಅಡಾಪ್ಟರ್ ಕ್ವರ್ಕ್: ಮೆಸೇಜ್ ಟೂ ಲಾಂಗ್’ ಎಂದಿರುತ್ತದೆ. ಆ ಬೋರ್ಡಿನಲ್ಲಿ ಬಸ್ಸನ್ನು ನಡೆಸುವ ಹಾರ್ಡ್‌ವೇರ್, ಅಂದರೆ ಕಂಟ್ರೋಲರ್ (ಅಡಾಪ್ಟರ್), ಒಮ್ಮೆಗೆ 32 ಬೈಟ್ ಮಾತ್ರ ಓದಬಲ್ಲದು. ಬೋರ್ಡಿನ ಹೆಸರನ್ನು ಪರೀಕ್ಷಿಸಿ ಗಾತ್ರ ಇಳಿಸಲೇ? ಕರ್ನಲ್ (ಲಿನಕ್ಸ್‌ನ ತಿರುಳು) ತಾನೇ ಏಕೆ ಓದುವಿಕೆಯನ್ನು ತುಂಡು ಮಾಡುವುದಿಲ್ಲ?

ಉತ್ತರ: ಬೋರ್ಡಿನ ಹೆಸರನ್ನು ದಯವಿಟ್ಟು ಡ್ರೈವರ್‌ಗೆ ತರಬೇಡಿ. ಮಿತಿ ಇರುವುದು ಕಂಟ್ರೋಲರ್‌ಗೆ, ಲಿನಕ್ಸ್ ಕರ್ನಲ್‌ನ 2015ರ 4.1 ಆವೃತ್ತಿಯಿಂದ ಕಂಟ್ರೋಲರ್‌ನ ಡ್ರೈವರ್ ಅದನ್ನು ‘ಕ್ವರ್ಕ್ಸ್’ (ಹಾರ್ಡ್‌ವೇರ್‌ನ ವಿಶೇಷ ಮಿತಿಗಳು) ಎಂಬ ದತ್ತಾಂಶ ರಚನೆಯಲ್ಲಿ ಘೋಷಿಸಬಹುದು, ಮತ್ತು ಐ2ಸಿ ಕೋರ್ (ಎಲ್ಲ ಐ2ಸಿ ಡ್ರೈವರ್‌ಗಳಿಗೂ ಸಾಮಾನ್ಯವಾದ ಕರ್ನಲ್ ಭಾಗ) ಪ್ರತಿ ವರ್ಗಾವಣೆಯನ್ನೂ ಅದಕ್ಕೆ ಹೋಲಿಸಿ ನೋಡುತ್ತದೆ. ನಿಮಗೆ ಬಂದ -95 ಆ ತಪಾಸಣೆಯ ಫಲ.

ಕೋರ್ ತಾನೇ ತುಂಡು ಮಾಡದಿರುವುದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಐ2ಸಿಯಲ್ಲಿ ವರ್ಗಾವಣೆ ಮುಗಿಯಿತೆಂದು ಹೇಳುವ ಸ್ಟಾಪ್ ಸಂಕೇತಕ್ಕೆ ಸಾಧನದ ಮಟ್ಟಿಗೆ ಅರ್ಥವಿದೆ. ಇಇಪ್ರಾಮ್‌ಗೆ (ವಿದ್ಯುತ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಮೆಮೊರಿ ಚಿಪ್) 64 ಬೈಟ್‌ಗಳ ಒಂದು ಪುಟವನ್ನು ಬರೆಯುವಾಗ ನಡುವೆ ಸ್ಟಾಪ್ ಬಂದರೆ, ಚಿಪ್ ಆ ಕ್ಷಣವೇ ತನ್ನ ಆಂತರಿಕ ಬರವಣಿಗೆಯನ್ನು ಆರಂಭಿಸಿ, ಅದು ಮುಗಿಯುವವರೆಗೆ, ಸಾಮಾನ್ಯವಾಗಿ ಗರಿಷ್ಠ 5 ಮಿಲಿಸೆಕೆಂಡು, ಯಾವ ಕರೆಗೂ ಓಗೊಡುವುದಿಲ್ಲ. ಕೋರ್ ಕುರುಡಾಗಿ ಕಳುಹಿಸಿದ ಎರಡನೆಯ ತುಂಡು ವಿಫಲವಾಗುತ್ತದೆ. ಎಲ್ಲಿ ಮುರಿದರೆ ಅಪಾಯವಿಲ್ಲ ಎಂಬುದು ಸಾಧನದ ಡ್ರೈವರ್‌ಗೆ ಮಾತ್ರ ಗೊತ್ತಿರುತ್ತದೆ. ಎಸ್‌ಪಿಐ ಎಂಬ ಇನ್ನೊಂದು ಬಸ್ಸಿನಲ್ಲಿ, ಸಾಧನವನ್ನು ಆಯ್ಕೆಮಾಡುವ ಚಿಪ್ ಸೆಲೆಕ್ಟ್ ತಂತಿಯನ್ನು ಹಿಡಿದಿಟ್ಟುಕೊಂಡೇ ವರ್ಗಾವಣೆಯನ್ನು ವಿಭಜಿಸಬಹುದಾದ್ದರಿಂದ ಅಲ್ಲಿ ಆ ಕೆಲಸಕ್ಕೆ ಕೋರ್‌ನಲ್ಲೇ ಸಹಾಯಕ ಫಂಕ್ಷನ್ ಇದೆ.

ಈಗ ನಿಮ್ಮ ಫೈಫೊ. ಅಕ್ಷಕ್ಕೆ 16 ಬಿಟ್ ಎಂದಾದರೆ ಒಂದು ಮಾದರಿ 6 ಬೈಟ್. 32 ಎಂಬುದು 6ರ ಗುಣಕವಲ್ಲ; 32ರಂತೆ ಓದಿದರೆ ಆರನೆಯ ಮಾದರಿಯ 2 ಬೈಟ್ ಮಾತ್ರ ಬಂದು, ಉಳಿದ 4 ಬೈಟ್‌ಗಳ ಗತಿ ಆ ಚಿಪ್ಪನ್ನು ಅವಲಂಬಿಸುತ್ತದೆ, ಅಕ್ಷಗಳು ಅದಲುಬದಲಾದ ಅಂಕಿಗಳೂ ಬರಬಹುದು. ಆದ್ದರಿಂದ 30 ಬೈಟ್‌ಗಳಂತೆ ಆರು ಸಲ, ಕೊನೆಗೆ 12 ಬೈಟ್ ಓದಿ. 30 ಎಂದು ಬರೆದಿಡದೆ, ಘೋಷಿತ ಮಿತಿಯನ್ನು 6ರ ಗುಣಕಕ್ಕೆ ಇಳಿಸಿ ಲೆಕ್ಕಹಾಕಿ. ಕ್ವರ್ಕ್ಸ್ ರಚನೆಯನ್ನು ತೋರಿಸುವ ಪಾಯಿಂಟರ್ ಶೂನ್ಯವಾಗಿರಬಹುದು (ಅಂದರೆ ರಚನೆಯೇ ಇಲ್ಲ), ಅದನ್ನು ಮೊದಲು ಪರೀಕ್ಷಿಸಿ. ರಚನೆಯೊಳಗೆ ಗರಿಷ್ಠ ಓದುವ ಉದ್ದ 0 ಎಂದಿದ್ದರೆ ಮಿತಿಯೇ ಇಲ್ಲವೆಂದು ಅರ್ಥ, ಅದನ್ನು ನೇರವಾಗಿ, ಎರಡರಲ್ಲಿ ಚಿಕ್ಕದನ್ನು ಆರಿಸುವ ಲೆಕ್ಕಕ್ಕೆ ಸೇರಿಸಿದರೆ ನೀವು ಸೊನ್ನೆ ಬೈಟ್ ಓದುತ್ತೀರಿ. ವಿಳಾಸ ಬರೆದು ಬೆನ್ನಲ್ಲೇ ಓದುವ ಜೋಡಿ ಸಂದೇಶಗಳಿಗೆ ಕೆಲವು ಕಂಟ್ರೋಲರ್‌ಗಳು ಬೇರೆಯದೇ ಮಿತಿಯನ್ನು ಘೋಷಿಸುತ್ತವೆ; ಅದನ್ನೂ ನೋಡಿ.

ಮರುಪ್ರಶ್ನೆ: ರಿಜಿಸ್ಟರ್‌ಗಳನ್ನು ಓದಿ ಬರೆಯಲು ಕರ್ನಲ್ ಒದಗಿಸುವ ರೆಗ್‌ಮ್ಯಾಪ್ ಬಳಸಿದರೆ ಇದೆಲ್ಲ ತಾನಾಗಿಯೇ ಆಗುವುದಿಲ್ಲವೇ?

ಉತ್ತರ: ಸಾಮಾನ್ಯ ರಿಜಿಸ್ಟರ್‌ಗಳಿಗೆ ಆಗುತ್ತದೆ. ಇತ್ತೀಚಿನ ಕರ್ನಲ್‌ಗಳಲ್ಲಿ ರೆಗ್‌ಮ್ಯಾಪ್ ಕ್ವರ್ಕ್ಸ್‌ನಿಂದ ಮಿತಿಯನ್ನು ಪಡೆದು ಓದುವಿಕೆಯನ್ನು ತಾನೇ ವಿಭಜಿಸುತ್ತದೆ. ಆದರೆ ಅದಕ್ಕೆ ನಿಮ್ಮ 6 ಬೈಟ್‌ಗಳ ಮಾದರಿಯ ಅರಿವಿಲ್ಲ, 32ಕ್ಕೇ ಕತ್ತರಿಸುತ್ತದೆ. ಫೈಫೊ ಓದುವ ಕಡೆ ಗಾತ್ರವನ್ನು ನೀವೇ ನಿರ್ಧರಿಸಿ ಕೊಡಿ.

ಮತ್ತೊಬ್ಬರ ಪ್ರಶ್ನೆ: ನಾನು ಕಂಟ್ರೋಲರ್‌ನ ಡ್ರೈವರ್ ಬರೆಯುತ್ತಿದ್ದೇನೆ. ಬಫರ್ 32 ಬೈಟ್ ಇದ್ದರೆ ಅದನ್ನೇ ಮಿತಿಯೆಂದು ಘೋಷಿಸಬೇಕೇ?

ಉತ್ತರ: ಬಫರ್ ಚಿಕ್ಕದೆಂಬುದಷ್ಟೇ ಮಿತಿಯಲ್ಲ. ಸ್ಟಾಪ್ ಕಳುಹಿಸದೆ, ಇಂಟರಪ್ಟ್ ಬಂದಾಗ ಬಫರನ್ನು ತುಂಬಿಸಲು ಅಥವಾ ಖಾಲಿ ಮಾಡಲು ಹಾರ್ಡ್‌ವೇರ್ ಬಿಡುತ್ತದೆಯಾದರೆ ಹಾಗೆಯೇ ಮಾಡಿ, ಯಾರಿಗೂ ತೊಂದರೆ ದಾಟಿಸಬೇಡಿ. ಎಸ್‌ಟಿಎಂ32 ಶ್ರೇಣಿಯ ಹಲವು ಮೈಕ್ರೋಕಂಟ್ರೋಲರ್ ಚಿಪ್‌ಗಳಲ್ಲಿ ಬೈಟ್ ಎಣಿಕೆಗೆ 8 ಬಿಟ್ ಮಾತ್ರ ಇದ್ದರೂ, ರೀಲೋಡ್ ಬಿಟ್ ಬಳಸಿ 255 ದಾಟಿದ ಸಂದೇಶವನ್ನು ಮುರಿಯದೆ ಮುಂದುವರಿಸಬಹುದು. ಎಣಿಕೆ ಮುಗಿದೊಡನೆ ಹಾರ್ಡ್‌ವೇರ್ ತಾನಾಗಿ ಸ್ಟಾಪ್ ಹಾಕುತ್ತದೆ, ಅದನ್ನು ತಡೆಯುವ ದಾರಿಯೇ ಇಲ್ಲ ಎಂದಾದರೆ ಮಾತ್ರ ಘೋಷಿಸಿ.