ಮಳೆಗಾಲದಲ್ಲಿ ಸ್ಪಿಟ್‌ಫೈರ್ ಮೇಲೆ ಬಿಳಿ ಮಂಕು

ಪ್ರಶ್ನೆ (ತೀರ್ಥಹಳ್ಳಿ): 1/72 ಅಳತೆಯ ಸ್ಪಿಟ್‌ಫೈರ್ ವಿಮಾನದ ಮಾದರಿಗೆ ಲ್ಯಾಕರ್ ಮ್ಯಾಟ್ ವಾರ್ನಿಷ್ (ಹೊಳಪಿಲ್ಲದ ಮೇಲಿನ ಲೇಪ) ಹೊಡೆದೆ. ರೆಕ್ಕೆಯ ಕಡುಹಸಿರಿನ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿದೆ. ಬಣ್ಣ ಪೂರ್ತಿ ತೆಗೀಬೇಕಾ?

ಉತ್ತರ (ಸಾಗರ): ಬೇಡ ಮಾರಾಯ್ರೆ, ಕೆರೀಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತೆ. ಜಡಿಮಳೆಯಲ್ಲಿ ಲ್ಯಾಕರ್ ಹೊಡೆದರೆ ಹೀಗೇ. ಬಿಸಿಲು ಬಿದ್ದ ದಿನ ರಿಟಾರ್ಡರ್ (ಆರುವುದನ್ನು ನಿಧಾನಿಸುವ ದ್ರವ) ಬೆರೆತ ಲ್ಯಾಕರ್ ಥಿನ್ನರ್ ಒಂದನ್ನೇ ಏರ್‌ಬ್ರಷ್‌ನಲ್ಲಿ ಮಂಜಿನಷ್ಟು ತೆಳ್ಳಗೆ ಹಾಯಿಸಿ, ಮಂಕು ಕರಗುತ್ತೆ. ತೋಯುವಷ್ಟು ಹೊಡೆದರೆ ಕೆಳಗಿನ ಬಣ್ಣವೂ ಎದ್ದು ಬರುತ್ತೆ.

ಉತ್ತರ (ಶಿವಮೊಗ್ಗ): ಡೆಕಾಲ್ (ಮಾದರಿಗೆ ಅಂಟಿಸುವ ಗುರುತಿನ ಚಿತ್ರ) ಅಂಚಲ್ಲಿ ಮಾತ್ರ ಬೆಳ್ಳಿ ಹೊಳಪು ಕಂಡರೆ ಕಾರಣ ಬೇರೆ: ಅಡಿಯಲ್ಲಿ ಗಾಳಿ ಸಿಕ್ಕಿದೆ. ಮುಂದಿನ ಸಲ ಮೊದಲು ಗ್ಲಾಸ್ (ಹೊಳಪಿನ) ಕೋಟ್, ಆಮೇಲೆ ಡೆಕಾಲ್, ಕೊನೆಗೆ ಮ್ಯಾಟ್.

ಉತ್ತರ (ಸಾಗರ): ಹೊಡೆಯೋ ಮುಂಚೆ ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರ್‌ನ ಟ್ರ್ಯಾಪ್‌ನಲ್ಲಿ (ತೇವ ಹಿಡಿಯುವ ಬಟ್ಟಲು) ಸೇರಿದ ನೀರೂ ಚೆಲ್ಲಿ.